ಸೀಟು ಸಿಗತೈತೇನು?

ಮೇ ತಿಂಗಳು ಮುಗಿಯುತ್ತ ಬಂದಿತೆಂದರೆ ನಮ್ಮ ಕಡೆ ಎರಡೇ ಮಾತು. ಮಳಿ ಯಾವಾಗ ಬರತೈತಿ ಅನ್ನುವುದು ಒಂದು, ಸೀಟು ಸಿಗತೈತೇನು ಅನ್ನುವುದು ಇನ್ನೊಂದು. ಮಳೆಯ ವಿಷಯಕ್ಕೆ ಪಂಚಾಂಗವಿದೆ, ಹವಾಮಾನ ಇಲಾಖೆಯಿದೆ, ಹಿರಿಯರ ಮೊಣಕಾಲು ನೋವಿದೆ. ಸೀಟಿನ ವಿಷಯಕ್ಕೆ ಮಾತ್ರ ಕಟ್ಟೆಯ ಮೇಲೆ ಕೂತವರಿಂದ ಹಿಡಿದು ಹುಬ್ಬಳ್ಳಿಯ ಬಂಗಲೆಯಲ್ಲಿ ಕೂತವರವರೆಗೆ ಎಲ್ಲರೂ ಜೋಯಿಸರೇ. "ತೊಂಬತ್ತೈದು ಬಿದ್ದಾವಂದ್ರ ಸಿಗತೈತಿ ಬಿಡ್ರಿ" ಎಂದು ಒಬ್ಬರು. "ಎಲ್ಲೀದ್ರಿ, ನಮ್ಮ ಮೈದುನನ ಮಗಗ ತೊಂಬತ್ತಾರು ಬಿದ್ದು ಸಿಗಲಿಲ್ಲ" ಎಂದು ಇನ್ನೊಬ್ಬರು. ಪಾಪ, ಆ ಮಗು ನಡುವೆ ನಿಂತು ಇಬ್ಬರ ಬಾಯಿಯನ್ನೂ ನೋಡುತ್ತಿರುತ್ತದೆ.

ನನ್ನ ತವರೂರು ಹಿರೇಬೆಂಡಿಗೇರಿ, ಶಿಗ್ಗಾವಿ ತಾಲೂಕು. ನಾನು ಚಿಕ್ಕವಳಿದ್ದಾಗ ಧಾರವಾಡ ಜಿಲ್ಲೆಯಲ್ಲಿತ್ತು. 1997ರ ಆಗಸ್ಟಿನಿಂದ ಹಾವೇರಿ ಜಿಲ್ಲೆ. ಆಗ ನಮ್ಮೂರಲ್ಲಿ ಸೀಟು ಅಂದರೆ ಬಸ್ಸಿನ ಸೀಟು ಮಾತ್ರ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲು ಒಗೆದರೆ ಸೀಟು ನಿಮ್ಮದು, ಅದರ ಮೇಲೆ ಯಾವ ಕೋರ್ಟೂ ಇಲ್ಲ. ಅದೇ ಶಬ್ದ ಕಾಲೇಜಿಗೆ ಬಂದು, ಡಾಕ್ಟರು ಇಂಜಿನಿಯರುಗಳಿಗೆ ಅಂಟಿಕೊಂಡು, ಮನೆಮನೆಯ ನಿದ್ದೆ ಕೆಡಿಸುವಷ್ಟು ದೊಡ್ಡದಾದದ್ದು ನನ್ನ ಕಣ್ಣೆದುರಿಗೇ. ಕಿಟಕಿಯಿಂದ ಟವೆಲು ಒಗೆಯುವವರು ಅಲ್ಲಿಯೂ ಇದ್ದರೆನ್ನುವುದು ಬೇರೆ ಮಾತು. ಅದಕ್ಕೆ ಮುಂದೆ ಬರುತ್ತೇನೆ.

ನಮ್ಮ ಅಜ್ಜನ ಕಾಲಕ್ಕೆ ಸೀಟಿನ ಪ್ರಶ್ನೆಯೇ ಇರಲಿಲ್ಲ. ಧಾರವಾಡ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿತ್ತು. ನಮ್ಮ ಮಕ್ಕಳ ಹಣೆಬರಹ ಬರೆಯುವ ವಿಶ್ವವಿದ್ಯಾಲಯ 1857ರಲ್ಲಿ ಮುಂಬಯಿಯಲ್ಲಿ ಹುಟ್ಟಿದ್ದು. ಮ್ಯಾಟ್ರಿಕ್ ಆದ ಮೇಲೆ ಕಾಲೇಜು ಓದಬೇಕೆಂದರೆ ಪುಣೆಗೋ ಮುಂಬಯಿಗೋ ಗಂಟುಮೂಟೆ ಕಟ್ಟಬೇಕು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಲು 1949 ಬರಬೇಕಾಯಿತು. ಅದೂ ಮೊದಲು ಮುಂಬಯಿಯಲ್ಲೇ ಕಚೇರಿ ತೆರೆದು, ಮರುವರ್ಷ ಧಾರವಾಡಕ್ಕೆ ಬಂತು. ಇಷ್ಟು ದೂರದ ದಾರಿಯಲ್ಲಿ ಅವಕಾಶ ಎಷ್ಟು ಎಂದು ಕೇಳುವವರು ಯಾರು? ಕನ್ನಡ ಏಳನೆಯ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾದರೆ ಮಾಸ್ತರಿಕೆ ಸಿಕ್ಕುತ್ತಿತ್ತು. ಅಲ್ಲಿಗೆ ಕನಸು ಮುಗಿಯುತ್ತಿತ್ತು. ನಮ್ಮ ತಾಲೂಕಿನವರೇ ಆದ ಶಿಶುನಾಳ ಶರೀಫರೂ ಮುಲ್ಕಿ ಮುಗಿಸಿ ಕೆಲಕಾಲ ಮಾಸ್ತರಿಕೆ ಮಾಡಿದವರೇ ಎನ್ನುತ್ತಾರೆ. ಅವರು ಆ ಮೇಲೆ ಹಿಡಿದ ದಾರಿಗೆ ಯಾವ ಪ್ರವೇಶ ಪರೀಕ್ಷೆಯೂ ಇರಲಿಲ್ಲ ಬಿಡಿ.

ಆದರೂ ಒಬ್ಬೊಬ್ಬರು ಹೊರಟೇ ಹೋದರು. ನಮಗೆ ನೆರೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಕಲಿಸುತ್ತಿದ್ದು, 1936ರಲ್ಲಿ ಆಕ್ಸ್‌ಫರ್ಡಿಗೆ ಹೋದರು. 1938ರಲ್ಲಿ ಪ್ರಥಮ ದರ್ಜೆಯೊಂದಿಗೆ ಮರಳಿದರು. ನಾವು ಶಾಲೆಯಲ್ಲಿದ್ದಾಗ ಮಾಸ್ತರರು ಈ ಕಥೆಯನ್ನು ವರ್ಷಕ್ಕೆ ನಾಲ್ಕು ಸಲ ಹೇಳುತ್ತಿದ್ದರು. "ಸವಣೂರಿನ ನೀರ ಕುಡದಾಂವ ಆಕ್ಸ್‌ಫರ್ಡಿಗೆ ಹೋದಾ, ನಿಮಗ ಏನ ಧಾಡಿ ಆಗೇತಿ?" ಎನ್ನುವರು. ಎನ್ನುವಾಗ ಅವರ ಕಣ್ಣು ಗಂಡುಹುಡುಗರ ಸಾಲಿನ ಕಡೆಗಿರುತ್ತಿತ್ತು. ನಾವು ಹುಡುಗಿಯರೂ ಅದೇ ಸವಣೂರಿನ ಎಲೆ ತಿನ್ನುವ ಮನೆಯಿಂದ ಬಂದವರೇ, ಆದರೆ ಆ ಪ್ರಶ್ನೆ ನಮಗಲ್ಲವೆಂದು ನಮಗೂ ಗೊತ್ತಿತ್ತು.

ಇಲ್ಲಿ ನಮ್ಮ ಸೋದರತ್ತೆಯ ಸಂಗತಿ ಹೇಳಬೇಕು. ಆಕೆ ಸ್ವಾತಂತ್ರ್ಯ ಬರುವ ಮುಂಚೆಯೇ ಮುಲ್ಕಿ ಪಾಸಾದವಳು. ಊರ ಮಾಸ್ತರರು ತಾವಾಗಿ ಮನೆಗೆ ಬಂದು ಅಜ್ಜನಿಗೆ, "ಧಾರವಾಡದಾಗ ಹೆಣ್ಣಮಕ್ಕಳ ಟ್ರೇನಿಂಗ್ ಕಾಲೇಜ ಐತ್ರಿ, ಹುಡಿಗಿ ಶಾಣ್ಯಾ ಅದಾಳ, ಅರ್ಜಿ ಹಾಕಿದ್ರ ತೊಗೋತಾರ" ಎಂದರಂತೆ. ಅಜ್ಜ ಹೊಲದ ಕೀರ್ದಿ ಬರೆಯುತ್ತ ಕೂತಿದ್ದವನು ತಲೆ ಎತ್ತಿ, "ಅವರು ತೊಗೋತಾರ, ನಾ ಕೊಡಬೇಕಲ್ಲ" ಎಂದ. ಅಷ್ಟೇ. ಅರ್ಜಿಯೇ ಹೋಗಲಿಲ್ಲ. ಸೋದರತ್ತೆ ಅತ್ತೆಯಮನೆಗೆ ಹೋಗಿ, ಆ ಓಣಿಯ ಎಲ್ಲರ ಪತ್ರ ಓದಿಹೇಳುವ, ಎಲ್ಲರ ಬಡ್ಡಿ ಲೆಕ್ಕ ಹಾಕಿಕೊಡುವ ಹೆಂಗಸಾಗಿ ಬಾಳಿದಳು. ಲೆಕ್ಕದಲ್ಲಿ ಆಕೆಯನ್ನು ಮೋಸಮಾಡಲು ಯಾವ ಸಾವಕಾರನಿಗೂ ಆಗುತ್ತಿರಲಿಲ್ಲ.

ಈ ಒಂದು ಮಾತು ನನ್ನ ತಲೆಯಲ್ಲಿ ಬಹಳ ವರ್ಷ ಕೂತಿತು. ಅವರು ತೊಗೋತಾರ, ನಾ ಕೊಡಬೇಕಲ್ಲ. ಪ್ರವೇಶದ ಲೆಕ್ಕಕ್ಕೆ ಎರಡು ಪುಸ್ತಕ ಎಂದು ನನಗೆ ಆಗ ಹೊಳೆಯಿತು. ಒಂದು ಕಾಲೇಜಿನವರದು: ಇಷ್ಟು ಅಂಕ, ಇಷ್ಟು ಸೀಟು. ಇನ್ನೊಂದನ್ನು ಯಾರೂ ಹೊರಗೆ ತೆಗೆಯುವುದಿಲ್ಲ, ಟ್ರಂಕಿನ ಅಡಿಯಲ್ಲಿಡುತ್ತಾರೆ. ಅದರಲ್ಲಿ ಬರೆದಿರುವುದು ಯಾರನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾರನ್ನು ಬಿಡಬೇಕು ಎಂಬುದು. ಗಂಡಸರ ಕಥೆಯಲ್ಲಿ ಮೊದಲನೆಯ ಪುಸ್ತಕ ನೋಡಿದರೆ ಬಹುಮಟ್ಟಿಗೆ ಸಾಕಾಗುತ್ತದೆ. ಹೆಂಗಸರ ಕಥೆ ಬರೆಯಬೇಕೆಂದರೆ ಎರಡನೆಯದನ್ನು ಹುಡುಕಿ ತೆಗೆಯಬೇಕು.

ಕೊರ್ನೀಲಿಯಾ ಸೊರಾಬ್ಜಿ ಎಂಬ ಹೆಸರನ್ನು ನೀವು ಕೇಳಿರಬಹುದು. ನಾಸಿಕದಲ್ಲಿ ಹುಟ್ಟಿದವರಾದರೂ ಅವರ ಬಾಲ್ಯದ ಮೊದಲ ಭಾಗ ಕಳೆದದ್ದು ನಮ್ಮ ಬೆಳಗಾವಿಯಲ್ಲಿ. ಮುಂಬಯಿ ವಿಶ್ವವಿದ್ಯಾಲಯ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1883ರಲ್ಲಿ. ಕೊರ್ನೀಲಿಯಾ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ ಆ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆಯಾದರು, ಅದೂ ಪ್ರಥಮ ದರ್ಜೆಯಲ್ಲಿ. ಅಷ್ಟು ಅಂಕ ಪಡೆದವರಿಗೆ ಇಂಗ್ಲೆಂಡಿನಲ್ಲಿ ಓದಲು ಸರಕಾರದ ವಿದ್ಯಾರ್ಥಿವೇತನ ಇತ್ತು. ಅಂಕದ ಲೆಕ್ಕದಲ್ಲಿ ಆಕೆಗೆ ಸಿಗಬೇಕು. ಸಿಗಲಿಲ್ಲ, ಅದು ಗಂಡಸರಿಗೆ ಮಾತ್ರ ಎಂದರು. ಆಕೆ ಅಹಮದಾಬಾದಿನ ಗುಜರಾತ ಕಾಲೇಜಿಗೆ ಹೋಗಿ ಗಂಡುಹುಡುಗರಿಗೇ ಇಂಗ್ಲಿಷ್ ಕಲಿಸಿದರು. ಕಲಿಯಲು ಬಾರದವಳು ಕಲಿಸಲು ಬರುತ್ತಾಳೆ, ನೋಡಿ! ಆ ಮೇಲೆ ಇಂಗ್ಲೆಂಡಿನಲ್ಲಿ ಹಿತೈಷಿಗಳು ಹಣ ಕೂಡಿಸಿದರು. 1889ರಲ್ಲಿ ಆಕ್ಸ್‌ಫರ್ಡಿನ ಸೋಮರ್‌ವಿಲ್ ಸೇರಿ, 1892ರಲ್ಲಿ ಕಾನೂನಿನ ಪರೀಕ್ಷೆ ಬರೆದರು. ಆದರೆ ಹೆಣ್ಣುಮಕ್ಕಳಿಗೆ ಪದವಿ ಕೊಡುವುದನ್ನು ಆ ವಿಶ್ವವಿದ್ಯಾಲಯ ಕಲಿತದ್ದು 1920ರಲ್ಲಿ. ಪರೀಕ್ಷೆ ಬರೆದು 30 ವರ್ಷದ ನಂತರ ಆಕೆಯ ಕೈಗೆ ಪದವಿ ಬಂತು.

ಇದು ಹಳೆಯ ಕಾಲದ, ದೂರದೇಶದ ಮಾತಾಯಿತು ಅನ್ನಬಹುದು. ಹಾಗಾದರೆ ನಮ್ಮ ಬೆಂಗಳೂರಿಗೇ ಬರೋಣ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಇಂದಿಗೂ ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. ಜಮ್‌ಶೇಟಜಿ ಟಾಟಾ ಕಂಡ ಕನಸು. ಅವರು 1904ರಲ್ಲಿ ತೀರಿಹೋದರು, ಸಂಸ್ಥೆ 1909ರಲ್ಲಿ ಹುಟ್ಟಿತು. ಮೈಸೂರಿನ ಅರಸರು 371 ಎಕರೆ ಜಾಗ ಕೊಟ್ಟರು. ದೇಶದಲ್ಲಿ ವಿಜ್ಞಾನದಲ್ಲಿ ಸಂಶೋಧನೆ ಮಾಡಬೇಕೆನ್ನುವವರಿಗೆಲ್ಲ ಅದು ಕಾಶಿಯಿದ್ದ ಹಾಗೆ. ನೊಬೆಲ್ ಬಹುಮಾನ ಪಡೆದ ಸಿ.ವಿ. ರಾಮನ್ ಅವರು 1933ರಲ್ಲಿ ಅಲ್ಲಿಗೆ ನಿರ್ದೇಶಕರಾಗಿ ಬಂದರು. ಆ ಹುದ್ದೆಯಲ್ಲಿ ಕೂತ ಮೊದಲ ಭಾರತೀಯರು ಅವರು.

ಅದೇ ವರ್ಷ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ರಸಾಯನಶಾಸ್ತ್ರ ತೆಗೆದುಕೊಂಡು ಎಲ್ಲರಿಗಿಂತ ಮೇಲೆ ಬಂದವಳು ಕಮಲಾ ಭಾಗವತ ಎಂಬ ಹುಡುಗಿ. ಮದುವೆಯ ನಂತರ ಕಮಲಾ ಸೋಹೋನಿ. ಮರಾಠಿಯ ದೊಡ್ಡ ವಿದುಷಿ ದುರ್ಗಾ ಭಾಗವತರ ತಂಗಿ. ತಂದೆ, ಕಾಕಾ ಇಬ್ಬರೂ ರಸಾಯನಶಾಸ್ತ್ರದವರು, ಇದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓದಿ ಬಂದವರು. ಈಗ ನಾವು ಕಟ್ಟೆಯ ಜೋಯಿಸರ ಹಾಗೆ ಕೂತು ಲೆಕ್ಕ ಹಾಕೋಣ. ಅಂಕ: ವಿಶ್ವವಿದ್ಯಾಲಯಕ್ಕೇ ಮೊದಲು. ವಿಷಯ: ಅಲ್ಲಿ ಬೇಕಾದದ್ದೇ. ಮನೆತನ: ಅದೇ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳದು. ಮನೆಯವರ ಒಪ್ಪಿಗೆ: ಪೂರ್ತಿ. ಇಷ್ಟಿದ್ದ ಮೇಲೆ ಸೀಟು ಸಿಗತೈತೇನು ಎಂದು ಕೇಳುವುದೇ ಹುಚ್ಚುತನ. ನೂರಕ್ಕೆ ನೂರು ಎಂದು ಯಾರಾದರೂ ಹೇಳುತ್ತಿದ್ದರು. ಕಮಲಾ ಕೂಡ ಹಾಗೇ ತಿಳಿದಿದ್ದಳು.

ಅರ್ಜಿ ತಿರುಗಿ ಬಂತು. ಕಾರಣ ಬೇರೇನೂ ಇಲ್ಲ, ಅರ್ಜಿ ಹಾಕಿದವಳು ಹೆಣ್ಣು.

ನಮ್ಮಂಥವರಾದರೆ ಅತ್ತು, ದೇವರಿಚ್ಛೆ ಎಂದು, ಬಿ.ಟಿ. ಮಾಡಿ ಶಾಲೆಯಲ್ಲಿ ಕೆಲಸಕ್ಕೆ ಸೇರುತ್ತಿದ್ದೆವು. ಕಮಲಾ ಬೆಂಗಳೂರಿಗೆ ಬಂದಳು. ರಾಮನ್ ಅವರ ಎದುರಿಗೇ ನಿಂತು ಕಾರಣ ಕೇಳಿದಳು. ಅದು ಗಾಂಧೀಜಿಯವರ ಕಾಲ ನೋಡಿ, ಸೇರಿಸಿಕೊಳ್ಳದಿದ್ದರೆ ಸತ್ಯಾಗ್ರಹಕ್ಕೂ ಸಿದ್ಧ ಎಂದಳು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತು ಹಾಕಿ ಒಪ್ಪಿದರು. ಮೊದಲ ಒಂದು ವರ್ಷ ಆಕೆ ಕಾಯಂ ವಿದ್ಯಾರ್ಥಿನಿಯಲ್ಲ, ಪರೀಕ್ಷಾರ್ಥವಾಗಿ ಮಾತ್ರ. ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಆಕೆಯಿಂದಾಗಿ ಪ್ರಯೋಗಶಾಲೆಯ ಗಂಡುಹುಡುಗರ ಮನಸ್ಸು ಕೆಡಬಾರದು.

ಮೂರನೆಯ ಷರತ್ತನ್ನು ಇನ್ನೊಮ್ಮೆ ಓದಿರಿ. ಗಂಡುಹುಡುಗರ ಮನಸ್ಸಿಗೆ ಆಕೆ ಜವಾಬುದಾರಳು! ಹರೆಯದ ಹುಡುಗಿ ನೀರಿಗೆ ಹೋದಾಗ ಕಟ್ಟೆಯ ಮೇಲಿನ ಪೋರರು ಸಿಳ್ಳು ಹಾಕಿದರೆ ಬೈಸಿಕೊಳ್ಳುವವಳು ಹುಡುಗಿಯೇ ಎಂಬ ನಮ್ಮೂರ ನ್ಯಾಯ, ನೊಬೆಲ್ ಬಹುಮಾನ ಬಂದ ಅಂಗಳದಲ್ಲೂ ಅದೇ. ರಾಮನ್ ಅವರ ವಿಜ್ಞಾನದ ಬಗ್ಗೆ ನನಗೆ ಗೌರವ ಕಡಿಮೆಯಿಲ್ಲ. ಆದರೆ ಬೆಳಕಿನ ಗುಣ ಕಂಡುಹಿಡಿದವರಿಗೆ ಈ ಒಂದು ಮೂಲೆ ಕಾಣಿಸಲಿಲ್ಲ ಎಂಬುದನ್ನೂ ಬರೆಯಬೇಕಾಗುತ್ತದೆ. ಅದು ತಮಗಾದ ದೊಡ್ಡ ಅವಮಾನ ಎಂದು ಕಮಲಾ ಸೋಹೋನಿ ವಯಸ್ಸಾದ ಮೇಲೂ ಹೇಳುತ್ತಿದ್ದರು.

ಆಕೆ ಶ್ರೀನಿವಾಸಯ್ಯನವರೆಂಬ ಮಾರ್ಗದರ್ಶಕರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನಿನ ಬಗ್ಗೆ ಕೆಲಸ ಮಾಡಿದಳು. ನನಗೆ ಇದು ಬಹಳ ಇಷ್ಟದ ವಿಷಯ. ಯಾವ ಅಡಿಗೆಮನೆಯಲ್ಲಿ ಹೆಣ್ಣು ಇರಬೇಕೆಂದು ಲೋಕ ಹೇಳುತ್ತಿತ್ತೋ ಆ ಅಡಿಗೆಮನೆಯ ಡಬ್ಬಿಗಳೇ ಪ್ರಯೋಗಶಾಲೆಗೆ ಹೋಗಿ ಕೂತವು. ವರ್ಷ ಮುಗಿಯಿತು, ರಾಮನ್ ಅವರಿಗೆ ಆಕೆಯ ಕೆಲಸ ಒಪ್ಪಿಗೆಯಾಯಿತು, ಕಾಯಂ ಆದಳು. ಅಷ್ಟೇ ಅಲ್ಲ, ಆ ಮೇಲೆ ಹೆಣ್ಣುಮಕ್ಕಳಿಗೆ ಪ್ರವೇಶ ಕೊಡಲು ಅವರು ಒಪ್ಪಿದರು. 1936ರಲ್ಲಿ ವಿಶೇಷ ಶ್ರೇಣಿಯಲ್ಲಿ ಎಂ.ಎಸ್ಸಿ. ಮುಂದೆ ಕೇಂಬ್ರಿಜ್‌ನಲ್ಲಿ ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತ, ಸಸ್ಯಗಳ ಉಸಿರಾಟಕ್ಕೆ ಬೇಕಾದ ಸೈಟೊಕ್ರೋಮ್ ಸಿ ಎಂಬ ವಸ್ತುವನ್ನು ಗುರುತಿಸಿದಳು. 1939ರಲ್ಲಿ ಡಾಕ್ಟರೇಟು. ಅದಕ್ಕೆ ತೆಗೆದುಕೊಂಡದ್ದು ಒಂದೂವರೆ ವರ್ಷಕ್ಕೂ ಕಡಿಮೆ, ಪ್ರಬಂಧ 40 ಪುಟ. ಬೆಂಗಳೂರಿನಲ್ಲಿ ಬಾಗಿಲ ಹೊರಗೆ ನಿಂತವಳಿಗೆ ಕೇಂಬ್ರಿಜ್ ಹೆಚ್ಚು ಕಾಯಿಸಲಿಲ್ಲ.

ಬಾಗಿಲು ತೆರೆಯಿತು ಎಂದರೆ ಒಳಗೆ ಎಲ್ಲ ಸರಿಹೋಯಿತು ಎಂದಲ್ಲ. ಅನ್ನಾ ಮಣಿ ಎಂಬುವರು 1940ರಲ್ಲಿ ಅದೇ ಸಂಸ್ಥೆಗೆ ಬಂದು ರಾಮನ್ ಅವರ ಪ್ರಯೋಗಶಾಲೆಯಲ್ಲಿ ವಜ್ರ, ಮಾಣಿಕ್ಯಗಳ ಮೇಲೆ ಐದು ವರ್ಷ ದುಡಿದರು. (ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯ ಪದ್ಧತಿಯಂತೆ ವಜ್ರದ ಓಲೆ ಕೊಡಲು ಬಂದರೆ, ಓಲೆ ಬೇಡ, ವಿಶ್ವಕೋಶ ಕೊಡಿಸಿ ಎಂದ ಹುಡುಗಿ ಈಕೆಯೇ. ಓಲೆ ಬಿಟ್ಟರೂ ವಜ್ರ ಬಿಡಲಿಲ್ಲ ನೋಡಿ.) ಸಂಸ್ಥೆಗೆ ಆಗ ಪದವಿ ಕೊಡುವ ಅಧಿಕಾರ ಇರಲಿಲ್ಲ. 1945ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಕಳಿಸಿದರು. ನಿಮಗೆ ಎಂ.ಎಸ್ಸಿ. ಇಲ್ಲ, ಆದ್ದರಿಂದ ಡಾಕ್ಟರೇಟು ಇಲ್ಲ ಎಂದು ಉತ್ತರ ಬಂತು. ಅವರು ಡಾಕ್ಟರೇಟಿಲ್ಲದೆಯೇ ದೇಶದ ಹವಾಮಾನ ಉಪಕರಣಗಳನ್ನು ಕಟ್ಟಿ ನಿಲ್ಲಿಸಿದರು. ಮೇ ತಿಂಗಳಿನಲ್ಲಿ ನಾವು ಮಳೆಗಾಗಿ ಕಿವಿಗೊಡುವ ಇಲಾಖೆಯ ಹಿಂದೆ ಆಕೆಯ ಕೈಯಿದೆ.

ನಮ್ಮ ಕನ್ನಡನಾಡಿನವರೇ ಆದ ರಾಜೇಶ್ವರಿ ಚಟರ್ಜಿಯವರ ಕಥೆ ಬೇರೆ ರೀತಿ. ಮೈಸೂರು ಸೀಮೆಯ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರಾದ ಕಮಲಮ್ಮ ದಾಸಪ್ಪನವರ ಮೊಮ್ಮಗಳು. ಅಜ್ಜಿ ಶುರುಮಾಡಿದ ಶಾಲೆಯಲ್ಲೇ ಕಲಿತವಳು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿ 1943ರಲ್ಲಿ ವಿಜ್ಞಾನ ಸಂಸ್ಥೆಗೆ ಬಂದರು. ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಶಿಗನ್‌ಗೆ ಹೋಗಿ, 1953ರಲ್ಲಿ ಡಾಕ್ಟರೇಟಿನೊಂದಿಗೆ ಮರಳಿ ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾದರು. ಇಪ್ಪತ್ತು ವರ್ಷದ ಹಿಂದೆ ಹೆಣ್ಣಿಗೆ ಷರತ್ತು ಹಾಕಿದ ಆವರಣದಲ್ಲಿ ಒಬ್ಬ ಹೆಣ್ಣು ಗಂಡುಹುಡುಗರಿಗೆ ಮೈಕ್ರೋವೇವ್ ಕಲಿಸತೊಡಗಿದಳು. ಇವರ ದಾರಿ ಸುಗಮವಾಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಮನೆಯಲ್ಲಿ ಕಮಲಮ್ಮನಂಥ ಅಜ್ಜಿ ಇದ್ದದ್ದಕ್ಕೂ ನಮ್ಮ ಸೋದರತ್ತೆಗೆ ನಮ್ಮ ಅಜ್ಜನಂಥ ಅಪ್ಪ ಇದ್ದದ್ದಕ್ಕೂ ಇರುವ ಅಂತರವನ್ನು ಯಾವ ಅಂಕಪಟ್ಟಿಯೂ ತೋರಿಸುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಮೊದಲನೆಯ ಪುಸ್ತಕವೇ ದಪ್ಪವಾಗುತ್ತ ಹೋಯಿತು. ಹುಬ್ಬಳ್ಳಿಯಲ್ಲಿ 1947ರಲ್ಲಿ ಇಂಜಿನಿಯರಿಂಗ್ ಕಾಲೇಜು, 1957ರಲ್ಲಿ ಮೆಡಿಕಲ್ ಕಾಲೇಜು ಬಂದವು. ಆಸೆ ಹತ್ತಿರ ಬಂದಿತು, ಪೈಪೋಟಿಯೂ ಬಂದಿತು. ಪರೀಕ್ಷೆಯ ಅಂಕದ ಜೊತೆಗೆ ಸಂದರ್ಶನದ ಅಂಕ ಕೂಡಿಸುವ ಪದ್ಧತಿ ಅಂದಿನ ಮೈಸೂರು ರಾಜ್ಯದಲ್ಲಿ ಬಂತು. ಅದನ್ನು ಪ್ರಶ್ನಿಸಿ ಚಿತ್ರಲೇಖಾ ಎಂಬುವರ ಹೆಸರಿನ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1964ರಲ್ಲಿ ಕೋರ್ಟು ಸಂದರ್ಶನದ ಪದ್ಧತಿಯನ್ನೇ ಎತ್ತಿಹಿಡಿಯಿತು. ಹಳ್ಳಿಯ ಮಕ್ಕಳು ಸಂದರ್ಶನವೆಂದರೆ ಹೇಗೆ ಬೆವರುತ್ತಿದ್ದರೆಂಬುದನ್ನು ನಮ್ಮ ಓಣಿಯ ಒಬ್ಬ ಕಾಕಾ ಹೇಳುತ್ತಿದ್ದರು. ಹಾಕಿಕೊಂಡ ಬೂಟು ಬೇರೆಯವರದು, ಕಚ್ಚುತ್ತಿತ್ತು. ಕೇಳಿದ ಪ್ರಶ್ನೆಗಿಂತ ಬೂಟಿನ ಮೇಲೇ ಧ್ಯಾನ.

ಆ ಮೇಲೆ ಬಂತು ನಾನು ಹೇಳಿದ ಟವೆಲು. ಡೊನೇಶನ್ ಎನ್ನಿ, ಕ್ಯಾಪಿಟೇಶನ್ ಎನ್ನಿ. ಅದನ್ನು ನಿಷೇಧಿಸಿ ಕರ್ನಾಟಕ ಸರಕಾರ 1984ರಲ್ಲಿ ಕಾನೂನು ಮಾಡಿತು. ಆದರೆ 1989ರಲ್ಲಿ ಹೊರಡಿಸಿದ ಆದೇಶದಲ್ಲಿ ಖಾಸಗಿ ಮೆಡಿಕಲ್ ಕಾಲೇಜುಗಳ ವಾರ್ಷಿಕ ಶುಲ್ಕ ಹೀಗಿತ್ತು: ಸರಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000, ಹೊರರಾಜ್ಯದವರಿಗೆ 60,000. ಉತ್ತರ ಪ್ರದೇಶದ ಮೀರತ್‌ನ ಮೋಹಿನಿ ಜೈನ್ ಎಂಬ ಹುಡುಗಿ ತುಮಕೂರಿನ ಕಾಲೇಜೊಂದಕ್ಕೆ ಅರ್ಜಿ ಹಾಕಿ, ಅಷ್ಟು ಹಣ ತಮ್ಮ ತಂದೆಯ ಕೈಯಲ್ಲಾಗದೆಂದು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದಳು. 1992ರ ಜುಲೈ 30ರಂದು ತೀರ್ಪು ಬಂತು: ಶಿಕ್ಷಣ ನಾಗರಿಕರ ಹಕ್ಕು, ಕ್ಯಾಪಿಟೇಶನ್ ಶುಲ್ಕ ಸಲ್ಲದು. ಪತ್ರಿಕೆಗಳಲ್ಲೆಲ್ಲ ದೊಡ್ಡ ಸುದ್ದಿ. ಆದರೆ ಮೋಹಿನಿಗೆ ಸೀಟು? ಆಕೆ ಅರ್ಹತೆಯ ಪಟ್ಟಿಯಿಂದ ಬಂದವಳಲ್ಲ, ತರಗತಿಗಳೂ 1991ರಲ್ಲೇ ಶುರುವಾಗಿವೆ ಎಂದು ಕೋರ್ಟು ಸೀಟು ಕೊಡಲಿಲ್ಲ. ಗೆದ್ದವಳು ಆಕೆ, ಗೆಲುವು ಬೇರೆಯವರ ಮಕ್ಕಳಿಗೆ. ತೀರ್ಪಿನ ದಿನ ಆಕೆಯ ತಾಯಿ ಮನೆಯಲ್ಲಿ ಏನು ಅಡಿಗೆ ಮಾಡಿದ್ದಳೋ, ಸಿಹಿಯೋ ಖಾರವೋ, ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮರುವರ್ಷ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಕೋರ್ಟು ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು, ಎರಡೂ ಅರ್ಹತೆಯ ಮೇಲೆಯೇ ಎಂದು ವಿಧಿಸಿತು. 1994ರಲ್ಲಿ ನಮ್ಮ ರಾಜ್ಯದಲ್ಲಿ ಸಿ.ಇ.ಟಿ. ಬಂತು. ಆ ಸಿ.ಇ.ಟಿ.ಯ ಮೊದಲ ವರ್ಷಗಳನ್ನು ಕಂಡವರಿಗೆ ಮಲ್ಲೇಶ್ವರದ ಆ ಸಭಾಂಗಣ ನೆನಪಿರಬೇಕು. ರಾತ್ರಿ ಬಸ್ಸಿನಲ್ಲಿ ರೊಟ್ಟಿಬುತ್ತಿ ಕಟ್ಟಿಕೊಂಡು ಹೋಗಿ, ಬೆಳಿಗ್ಗೆ ನಳದ ನೀರಲ್ಲಿ ಮುಖ ತೊಳೆದು ಕೂತರೆ, ಎದುರಿನ ಪರದೆಯ ಮೇಲೆ ಕಾಲೇಜುಗಳ ಹೆಸರು, ಉಳಿದ ಸೀಟಿನ ಸಂಖ್ಯೆ. ಒಂದೊಂದು ಮಗು ಒಳಗೆ ಹೋದ ಹಾಗೆ ಸಂಖ್ಯೆ ಇಳಿಯುವುದು. ನನ್ನ ಪಕ್ಕದಲ್ಲಿ ಕೂತಿದ್ದ ರಾಣೇಬೆನ್ನೂರು ಕಡೆಯ ತಾಯಿಯೊಬ್ಬಳು ಜಪದ ಹಾಗೆ ಆ ಸಂಖ್ಯೆ ಹೇಳಿಕೊಳ್ಳುತ್ತಿದ್ದಳು. ಆಕೆಗೆ ಓದು ಬರುತ್ತಿರಲಿಲ್ಲ, ಅಂಕಿ ಮಾತ್ರ ಗೊತ್ತಿತ್ತು. ಏನೇ ಹೇಳಿ, ಆ ಪರದೆ ಒಂದು ಉಪಕಾರ ಮಾಡಿತು: ಲೆಕ್ಕ ಎಲ್ಲರ ಕಣ್ಣೆದುರಿಗೆ ಬಂತು. ಕಚ್ಚುವ ಬೂಟು ಹಾಕಿಕೊಂಡು ಸಂದರ್ಶನಕ್ಕೆ ನಿಲ್ಲಬೇಕಾಗಿರಲಿಲ್ಲ.

ಈಗ ಪರದೆ ಕೈಯಲ್ಲೇ ಇದೆ, ಮೊಬೈಲಿನಲ್ಲಿ. ಸಂಖ್ಯೆಗಳು ಮಾತ್ರ ಎದೆ ಒಡೆಯುವಂಥವು. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು, ದೇಶದಲ್ಲಿ ಎಂ.ಬಿ.ಬಿ.ಎಸ್. ಸೀಟು ಇದ್ದದ್ದು ಸುಮಾರು 1 ಲಕ್ಷ 10 ಸಾವಿರ, ಅದರಲ್ಲಿ ಸರಕಾರಿ ಕಾಲೇಜಿನವು ಅರ್ಧದಷ್ಟು. ಇಪ್ಪತ್ತು ಮಕ್ಕಳು ಒಂದು ಜಗುಲಿಯ ಮೇಲೆ ಕೂತರೆ ಒಬ್ಬರಿಗೆ. ಸರಕಾರಿ ಸೀಟೇ ಬೇಕೆಂದರೆ ಎರಡು ಜಗುಲಿಗೆ ಒಬ್ಬರಿಗೆ. ಮಕ್ಕಳಿಗೆ ಇದನ್ನು ಮುಚ್ಚಿಟ್ಟು "ನಿನಗ ಸಿಗೋದೇ ಸಿಗತೈತಿ" ಎನ್ನುವ ತಾಯಂದಿರನ್ನು ಕಂಡಿದ್ದೇನೆ. ಅದು ಪ್ರೀತಿಯೇ ಇರಬಹುದು, ಆದರೆ ಫಲಿತಾಂಶದ ದಿನ ಅದರ ಭಾರ ಮಗುವಿನ ತಲೆಯ ಮೇಲೆ ಬೀಳುತ್ತದೆ.

ಇನ್ನೊಂದು ಕಡೆ, ತಮಗಿರುವ ಅವಕಾಶವೇ ಗೊತ್ತಿಲ್ಲದೆ ಬಿಡುವವರೂ ಉಂಟು. ಹಿರೇಬೆಂಡಿಗೇರಿಯಂಥ ಊರಿನಲ್ಲಿ ಒಂದರಿಂದ ಹತ್ತನೆಯವರೆಗೆ ಓದಿದ ಮಗುವಿಗೆ ರಾಜ್ಯದ ಸೀಟುಗಳಲ್ಲಿ ಗ್ರಾಮೀಣ ಮೀಸಲು ಶೇ. 15 ಇದೆ. ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ. 5 ಬೇರೆ. ಪ್ರಮಾಣಪತ್ರ ಶಾಲೆಯಲ್ಲಿ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಹಾಕಿಸಬೇಕು. ಆದಾಯ, ಜಾತಿಯ ಪತ್ರಕ್ಕೆ ತಹಶೀಲದಾರರ ಕಚೇರಿ. ಜೂನ್ ತಿಂಗಳಲ್ಲಿ ಎದ್ದುಬಿದ್ದು ಓಡುವುದಕ್ಕಿಂತ ಸಂಕ್ರಾಂತಿಯ ಹೊತ್ತಿಗೇ ಮಾಡಿಸಿಟ್ಟವರು ಬದುಕಿದರು. ಪೇಟೆಯ ದುಬಾರಿ ಶಾಲೆಗೆಂದು ಐದನೆಯತ್ತೆಗೇ ಮಗುವನ್ನು ಹುಬ್ಬಳ್ಳಿಗೆ ಒಯ್ದವರಿಗೆ ಈ ಶೇ. 15 ಕೈಬಿಟ್ಟು ಹೋಗಿರುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಇದನ್ನೆಲ್ಲ ಬರೆಯಲು ಕಾರಣ ನನ್ನ ತಮ್ಮನ ಮಗಳು. ಹತ್ತನೆಯವರೆಗೆ ಊರಲ್ಲೇ ಓದಿ, ಶಿಗ್ಗಾವಿಗೆ ದಿನಾ ಬಸ್ಸಿನಲ್ಲಿ ಹೋಗಿ ಪಿ.ಯು.ಸಿ. ಮುಗಿಸಿದಳು. ನೂರಕ್ಕೆ 93. ಡಾಕ್ಟರು ಬೇಡ, ಇಂಜಿನಿಯರು ಬೇಡ, ಆಕೆಗೆ ಬೇಕಾದದ್ದು ಬೆಂಗಳೂರಿನ ಆ ಟಾಟಾ ಇನ್‌ಸ್ಟಿಟ್ಯೂಟು. ಅಲ್ಲಿ 2011ರಿಂದ ಪದವಿ ತರಗತಿಯೂ ಇದೆ. ಅದಕ್ಕೆ ಬೇಕಾದ ಪ್ರವೇಶ ಪರೀಕ್ಷೆಯನ್ನೂ ಬರೆದು ಬಂದಿದ್ದಳು, ತರಬೇತಿ ಇಲ್ಲದೆ, ಸೀನಿಯರ್ ಹುಡುಗಿಯ ಹಳೆಯ ಪುಸ್ತಕ ಓದಿ.

"ಅಕ್ಕಾ, ನೀ ಖರೇ ಹೇಳು, ಆಕಿಗೆ ಎಷ್ಟ ಚಾನ್ಸ್ ಐತಿ?" ಎಂದು ತಮ್ಮ ಕೇಳಿದ. ಹುಡುಗಿ ಒಳಗಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಈ ವರ್ಷ ಅಂದ್ರ ನೂರಕ್ಕ ಎರಡು" ಎಂದೆ. ಅಲ್ಲಿ ಗ್ರಾಮೀಣ ಮೀಸಲಿಲ್ಲ, ಸೀಟು ನೂರರ ಆಸುಪಾಸು, ದೇಶದ ಜಾಣರೆಲ್ಲ ಅಲ್ಲಿಗೇ. ಆಕೆಯ ಮುಖ ಸಣ್ಣದಾಯಿತು. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಲಿ. ಅದು ಮುಗಿದ ಮೇಲೆ ಜ್ಯಾಮ್ ಎಂಬ ಪರೀಕ್ಷೆ ಇದೆ. ಐ.ಐ.ಟಿ.ಗಳು ನಡೆಸುವುದು. ಅದರಲ್ಲಿ ಒಳ್ಳೆಯ ಸ್ಥಾನ ಬಂದರೆ ಅದೇ ಬೆಂಗಳೂರಿನ ಸಂಸ್ಥೆಯಲ್ಲಿ ಎಂ.ಎಸ್ಸಿ.-ಪಿಎಚ್.ಡಿ. ಕೂಡಿದ ವ್ಯಾಸಂಗಕ್ಕೆ, ಇಲ್ಲವೇ ಯಾವುದಾದರೊಂದು ಐ.ಐ.ಟಿ.ಗೆ ಹೋಗಬಹುದು. ಧಾರವಾಡದಲ್ಲೇ 2016ರಿಂದ ಐ.ಐ.ಟಿ. ಇದೆ. ಮೂರು ವರ್ಷ ಸರಿಯಾಗಿ ಓದಿದರೆ ಆ ಎರಡು, ಹತ್ತೋ ಹದಿನೈದೋ ಆದೀತು. ಹೀಗೆಂದು ಬಿಡಿಸಿ ಹೇಳಿದೆ.

"ಅಲ್ಲೀತನಕ ಇಪ್ಪತ್ತೊಂದು ಆಗತಾವು ಆಕಿಗೆ" ಎಂದ ತಮ್ಮ. "ಹಾಸ್ಟೆಲ್ಲು, ಆ ಮ್ಯಾಲೆ ಬೆಂಗಳೂರು, ಆ ಮ್ಯಾಲೆ ಮತ್ತೈದು ವರ್ಷ. ಕೇಳಾಕ ಬರೋರಿಗೆ ಏನ ಹೇಳ್ಲಿ?"

ಟ್ರಂಕಿನ ಅಡಿಯ ಪುಸ್ತಕ ಹೊರಗೆ ಬಂತು.

"ಪರೀಕ್ಷಾದ್ದು ನಾ ಹೇಳಿದೆ. ಇನ್ನ ನಿನ್ನ ಕಡಿಂದ ನೂರಕ್ಕ ಎಷ್ಟಂತ ನೀ ಹೇಳಪಾ" ಎಂದೆ. ನಮ್ಮ ಸೋದರತ್ತೆಯ ಹೆಸರನ್ನು ನಾನು ಎತ್ತಲಿಲ್ಲ. ಅವನಿಗೂ ಆಕೆಯ ಕಥೆ ಗೊತ್ತು. ಚಿಕ್ಕವನಿದ್ದಾಗ ಅವನಿಗೆ ಮಗ್ಗಿ ಕಲಿಸಿದವಳು ಆಕೆಯೇ. ತಮ್ಮ ಏನೂ ಅನ್ನಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಎತ್ತಿಗೆ ನೀರು ತೋರಿಸಿ ಬಹಳ ಹೊತ್ತಿಗೆ ಬಂದ. ನಾದಿನಿ ಚಹಾ ತಂದಿಟ್ಟಳು, ಅದು ಆರಿತು.

"ಹಾಸ್ಟೆಲ್ ಫೀ ಎಷ್ಟ ಇರತೈತಿ ಧಾರವಾಡದಾಗ?" ಎಂದು ಕೇಳಿದ.

ಹುಡುಗಿ ಬಾಗಿಲಿಂದಲೇ ಹೇಳಿದಳು. ಆಕೆ ಮೊದಲೇ ಕೇಳಿ ಬರೆದಿಟ್ಟಿದ್ದಳು, ಊಟದ ಖರ್ಚು ಬೇರೆ, ಬಸ್ಸಿನದು ಬೇರೆ ಮಾಡಿ. ತಮ್ಮ ಆ ಚೀಟಿಯನ್ನು ಎರಡು ಸಲ ಓದಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಬೆಂಗಳೂರಿನ ಪಟ್ಟಿ ಬರಲು ಇನ್ನೂ ಎರಡು ವಾರ ಇತ್ತು. ಅಷ್ಟರೊಳಗೆ ಮಳೆಯಾದರೆ ಗೋವಿನಜೋಳ ಬಿತ್ತಬೇಕು, ಆಳು ಸಿಗುವುದಿಲ್ಲ ಎಂಬ ಮಾತು ಶುರುವಾಯಿತು.